ಗುಲಾಬಿ ಬೆಣ್ಣೆಯಿಂದ ಲ್ಯಾಬ್ ಮಾಂಸದವರೆಗೆ: ಒಂದು ಲೇಬಲ್ ಜಗಳ

2018ರ ಆಗಸ್ಟ್‌ನಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಒಂದು ಕಾನೂನು ಜಾರಿಯಾಯಿತು. ಸಾಕುಪ್ರಾಣಿಯನ್ನೋ ಕೋಳಿಯನ್ನೋ ಕಡಿದು ಪಡೆಯದ ಪದಾರ್ಥವನ್ನು 'ಮಾಂಸ' ಎಂದು ಹೇಳಿ ಮಾರುವಂತಿಲ್ಲ. ಮಾರಿದರೆ ಒಂದು ವರ್ಷದವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ. ವಿಚಿತ್ರವೆಂದರೆ, ಆಗ ಲ್ಯಾಬ್ ಮಾಂಸ ಜಗತ್ತಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ದನದ ಮೈಯಿಂದ ಒಂದಿಷ್ಟು ಜೀವಕೋಶ ತೆಗೆದು, ಪೋಷಕಾಂಶದ ದ್ರವದಲ್ಲಿ ಬೆಳೆಸುವ ಮಾಂಸ ಅದು. 2013ರಲ್ಲಿ ಡಚ್ ವಿಜ್ಞಾನಿ ಮಾರ್ಕ್ ಪೋಸ್ಟ್ ಲಂಡನ್‌ನಲ್ಲಿ ತೋರಿಸಿದ ಒಂದೇ ಒಂದು ಬರ್ಗರ್‌ಗೆ ಎರಡೂವರೆ ಲಕ್ಷ ಯೂರೋ ಖರ್ಚಾಗಿತ್ತು.

ಮಾಲೇ ಬಾರದ ಮೊದಲು ಕಾನೂನು ಯಾಕೆ? ಅಲ್ಲಿನ ರೈತರಿಗೆ ಬೆಣ್ಣೆಯ ಹಳೇ ಜಗಳ ಗೊತ್ತು.

1869ರಲ್ಲಿ ಫ್ರಾನ್ಸಿನ ಮೆಜ್-ಮೂರಿಯೆ ದನದ ಕೊಬ್ಬಿನಿಂದ ಅಗ್ಗದ ಬೆಣ್ಣೆಯಂಥದ್ದನ್ನು ಮಾಡಿದ. ಅದೇ ಮಾರ್ಗರಿನ್. ಅಮೆರಿಕದಲ್ಲಿ ಅದಕ್ಕೆ ಹಳದಿ ಬಣ್ಣ ಹಾಕಿ ಬೆಣ್ಣೆ ಎಂದೇ ಮಾರುವವರು ಹುಟ್ಟಿಕೊಂಡರು. ಹೈನುಗಾರರಿಗೆ ಸಿಟ್ಟು ಬಂದದ್ದು ಸಹಜ. 1886ರಲ್ಲಿ ಪೌಂಡಿಗೆ 2 ಸೆಂಟ್ ತೆರಿಗೆ ಬಿತ್ತು. ನ್ಯೂ ಹ್ಯಾಂಪ್‌ಶೈರ್ ರಾಜ್ಯ ಇನ್ನೂ ಮುಂದೆ ಹೋಗಿ, ಮಾರ್ಗರಿನ್ ಮಾರುವುದಾದರೆ ಗುಲಾಬಿ ಬಣ್ಣ ಹಾಕಿಯೇ ಮಾರಿ ಎಂದಿತು. ಗುಲಾಬಿ ಬೆಣ್ಣೆ ಯಾರು ತಿಂದಾರು? 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. 1902ರಲ್ಲಿ ಬಣ್ಣದ ಮಾರ್ಗರಿನ್‌ಗೆ ತೆರಿಗೆ 10 ಸೆಂಟ್‌ಗೆ ಏರಿತು. ಆಮೇಲೆ ಕಂಪನಿಗಳು ಬಿಳಿ ಮಾರ್ಗರಿನ್ ಜೊತೆ ಬಣ್ಣದ ಪೊಟ್ಟಣ ಕೊಡತೊಡಗಿದವು, ಹೆಂಗಸರು ಮನೆಯಲ್ಲೇ ಕಲಸಿಕೊಂಡರು. ಆ ತೆರಿಗೆ ಹೋದದ್ದು 1950ರಲ್ಲಿ.

ಹಸಿಮೇವು ತಪ್ಪಿದರೆ ಹಸುವಿನ ಬೆಣ್ಣೆ ಬಿಳುಚಿಕೊಳ್ಳುವುದು ಹೈನು ಮಾಡುವವರಿಗೆ ಗೊತ್ತು. ಅಲ್ಲಿನ ಹೈನುಗಾರರೂ ಚಳಿಗಾಲದ ಬೆಣ್ಣೆಗೆ ಬಣ್ಣ ಹಾಕುತ್ತಿದ್ದರು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಇದೇ ತಕರಾರು ತುಪ್ಪ ಮತ್ತು ವನಸ್ಪತಿ ನಡುವೆ ಬಂತು. ಸರ್ಕಾರ ವನಸ್ಪತಿಗೆ ಶೇ 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂದು ನಿಯಮ ಮಾಡಿತು. ತುಪ್ಪಕ್ಕೆ ಬೆರೆಸಿದ್ದರೆ ಆಮ್ಲದ ಪರೀಕ್ಷೆಯಲ್ಲಿ ಎಳ್ಳೆಣ್ಣೆ ಕೆಂಪಾಗಿ ಕಾಣಿಸಿಕೊಳ್ಳುತ್ತದೆ. ನಮಗೆ ಈ ದಾರಿ ಹಿಡಿಸುತ್ತದೆ. ವನಸ್ಪತಿ ಬೇಕೆಂದು ಕೊಳ್ಳುವ ಬಡವನಿಗೆ ಇದರಿಂದ ತೊಂದರೆಯಿಲ್ಲ, ಸಿಕ್ಕಿಬೀಳುವವನು ಬೆರಕೆ ಮಾಡಿದವನು.

ಲ್ಯಾಬ್ ಮಾಂಸದ ವಿಷಯಕ್ಕೆ ಬಂದರೆ, ಅದರ ಪರವಾಗಿದ್ದವರು ಮೊದಲು 'ಕ್ಲೀನ್ ಮೀಟ್' ಎಂದು ಕರೆದರು. ಹಾಗಾದರೆ ರೈತನದು ಕೊಳಕೇ? 2018ರ ಫೆಬ್ರವರಿಯಲ್ಲೇ ಅಮೆರಿಕದ ದನ ಸಾಕುವವರ ಸಂಘ, 'ಬೀಫ್', 'ಮೀಟ್' ಪದಗಳನ್ನು ಹುಟ್ಟಿ ಬೆಳೆದ ಪ್ರಾಣಿಯ ಮಾಂಸಕ್ಕೇ ಮೀಸಲಿಡಿ ಎಂದು ಕೃಷಿ ಇಲಾಖೆಗೆ ಅರ್ಜಿ ಕೊಟ್ಟಿತು. 2020ರ ಡಿಸೆಂಬರ್‌ನಲ್ಲಿ ಸಿಂಗಪುರ ಮೊದಲು ಮಾರಾಟಕ್ಕೆ ಒಪ್ಪಿತು. 2023ರ ಜೂನ್‌ನಲ್ಲಿ ಅಮೆರಿಕ ಎರಡು ಕಂಪನಿಗಳಿಗೆ ಅನುಮತಿ ಕೊಟ್ಟಾಗ ಲೇಬಲ್ ಮೇಲೆ ಬಂದ ಹೆಸರು 'ಸೆಲ್-ಕಲ್ಟಿವೇಟೆಡ್ ಚಿಕನ್', ಅಂದರೆ ಜೀವಕೋಶದಿಂದ ಬೆಳೆಸಿದ ಕೋಳಿಮಾಂಸ. ಚಿಕನ್ ಎಂಬ ಪದ ಕಂಪನಿಗೆ ಸಿಕ್ಕಿತು, ಹೇಗೆ ಬಂದ ಚಿಕನ್ ಎಂಬ ಮಾಹಿತಿ ಕೊಳ್ಳುವವರಿಗೆ ಸಿಕ್ಕಿತು. ಅಷ್ಟು ಸಾಕು ಎನ್ನುತ್ತೇವೆ ನಾವು.

ಎಲ್ಲರೂ ಹಾಗೆನ್ನಲಿಲ್ಲ. 2023ರ ನವೆಂಬರ್‌ನಲ್ಲಿ ಇಟಲಿ, 2024ರ ಮೇನಲ್ಲಿ ಫ್ಲಾರಿಡಾ ಮಾರಾಟವನ್ನೇ ನಿಷೇಧಿಸುವ ಕಾನೂನು ಮಾಡಿದವು.