ಹೆಸರಘಟ್ಟದ ನೀರು ಮತ್ತು ಮೈಸೂರು ಸಂಸ್ಥಾನದ ಪೌರಸ್ವಾತಂತ್ರ್ಯ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿ ನದಿಗೆ ಬೆಂಗಳೂರಿನ ವಾಯವ್ಯ ದಿಕ್ಕಿನ ಹೆಸರಘಟ್ಟದಲ್ಲಿ ಒಂದು ಜಲಾಶಯವುಂಟು. 1894ರಲ್ಲಿ ಆರಂಭವಾಗಿ 1896ರಲ್ಲಿ ನಗರಕ್ಕೆ ನೀರು ಹರಿಸಿದ ಆ ಕಾಮಗಾರಿಗೆ ‘ಚಾಮರಾಜೇಂದ್ರ ವಾಟರ್ ವರ್ಕ್ಸ್’ ಎಂದು ಹೆಸರಿಟ್ಟರು. ಹೆಸರು ಪಡೆದ ಮಹಾರಾಜರು ಅದು ಮುಗಿಯುವುದನ್ನು ನೋಡಲಿಲ್ಲ. 1894ರ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಎಂಜಿನಿಯರುಗಳ ದೃಷ್ಟಿಯಿಂದ ಈ ಜಲಾಶಯದ ವಿಷಯವನ್ನು ಹಲವರು ಬರೆದಿದ್ದಾರೆ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕಾದ ಪ್ರಶ್ನೆ ಬೇರೆ. ಸಂಸ್ಥಾನವೊಂದು ತನ್ನ ಪ್ರಜೆಗಳಿಗೆ ನೀರು, ದೀಪ, ವಿದ್ಯೆ, ಆಸ್ಪತ್ರೆ ಎಲ್ಲವನ್ನೂ ಒದಗಿಸುತ್ತ, ಅದೇ ಕಾಲದಲ್ಲಿ ಅವರ ಬಾಯಿಗೆ ಬೀಗ ಹಾಕಿದರೆ, ಆ ಪ್ರಜೆಗಳನ್ನು ಪೌರರೆಂದು ಕರೆಯಬಹುದೆ? ಈ ಪ್ರಶ್ನೆಯನ್ನು ಮೈಸೂರಿನಲ್ಲಿಯೇ ಕೆಲವರು ಕೇಳಿದ್ದರು. ಅವರಿಗೆ ಇತಿಹಾಸದಲ್ಲಿ ದೊರೆತಿರುವ ಸ್ಥಳ ಸಾಲದೆಂಬುದು ನನ್ನ ಅಭಿಪ್ರಾಯ.

ಮೊದಲು ನೀರಿನ ಅಗತ್ಯವೆಷ್ಟಿತ್ತೆಂಬುದನ್ನು ತಿಳಿಯಬೇಕು. 1876ರಿಂದ 1878ರವರೆಗಿನ ಮಹಾಕ್ಷಾಮದ ಪೆಟ್ಟು ಎಂಥದೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರಿನ ಪೇಟೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಕಲ್ಯಾಣಿ ಬಾವಿಗಳನ್ನೂ ನಂಬಿಕೊಂಡಿತ್ತು. ದಂಡಿನ ಪ್ರದೇಶಕ್ಕೆ ಹಲಸೂರು ಕೆರೆಯೂ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯೂ ಇದ್ದವು. ಮಳೆ ತಪ್ಪಿದ ವರ್ಷ ಎಲ್ಲವೂ ಒಟ್ಟಿಗೆ ಬತ್ತುತ್ತಿದ್ದವು. 1883ರಿಂದ 1901ರವರೆಗೆ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್‌ರವರು ಹೆಸರಘಟ್ಟದ ಕಡೆ ಕಣ್ಣು ಹಾಯಿಸಿದ್ದು ಈ ಹಿನ್ನೆಲೆಯಲ್ಲಿ. ಜಲಾಶಯದ ನೀರು ತಗ್ಗಿನ ಮಾರ್ಗವಾಗಿ ಸೋಲದೇವನಹಳ್ಳಿಗೆ ಬಂದು, ಅಲ್ಲಿಂದ ಯಂತ್ರಬಲದಿಂದ ಮೇಲೇರಿ ನಗರವನ್ನು ಸೇರುತ್ತಿತ್ತು. ನದಿಗೆ ಕಟ್ಟೆ ಹಾಕಿ ನೀರು ಕೊಟ್ಟದ್ದು ಸರ್ಕಾರ; ಮನೆಮನೆಗೂ ಬೀದಿಯ ನಲ್ಲಿಗಳಿಗೂ ಅದನ್ನು ಹಂಚಿ ಕಂದಾಯ ಎತ್ತುವ ಹೊಣೆ ಪೌರಸಭೆಯದು. ಈ ವಿಭಾಗವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು. ಮುಂದೆ ಹೇಳುವ ರಾಜಕೀಯದ ಬೀಜ ಇದರಲ್ಲಿಯೇ ಇದೆ.

ಇನ್ನೊಂದು ವಿಚಿತ್ರವೂ ಇತ್ತು. 1862ರಿಂದ ಬೆಂಗಳೂರಿಗೆ ಎರಡು ಪೌರಸಭೆಗಳು: ಪೇಟೆಗೆ ಒಂದು, ದಂಡಿಗೆ ಒಂದು. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ ದಂಡಿನ ಪ್ರದೇಶವನ್ನು ಬ್ರಿಟಿಷರು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ಅಲ್ಲಿ ಮಹಾರಾಜರ ಕಾನೂನು ನಡೆಯದು, ರೆಸಿಡೆಂಟರದೇ ಮಾತು. ಆದರೆ ಹೆಸರಘಟ್ಟದ ನೀರಿಗೆ ಆ ಗಡಿ ಇರಲಿಲ್ಲ. ಅದು ಎರಡು ಕಡೆಗೂ ಹರಿಯಿತು. ಒಂದೇ ಜಲಾಶಯದ ನೀರು ಕುಡಿಯುವ ನೆರೆಹೊರೆಯವರು, ನಡುವೆ ಒಂದು ಬಯಲು ಮಾತ್ರವಿದ್ದರೂ, ಬೇರೆ ಬೇರೆ ಕಾನೂನಿನ ಪ್ರಜೆಗಳಾಗಿ 1947ರವರೆಗೂ ಬಾಳಿದರು. ನೀರನ್ನು ಕೊಟ್ಟ ಹೆಸರಘಟ್ಟದ ರೈತನಾದರೋ ಈ ಎರಡು ಪೌರಸಭೆಗಳಲ್ಲಿ ಯಾವುದಕ್ಕೂ ಮತದಾರನಲ್ಲ.

ಈಗ ಪ್ರಾತಿನಿಧ್ಯದ ಮಾತು. 1881ರ ಅಕ್ಟೋಬರ್ 7ರಂದು ದಿವಾನ್ ಸಿ. ರಂಗಾಚಾರ್ಲುರವರು 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಸೇರಿಸಿದರು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲನೆಯದೆಂದು ಮೈಸೂರಿಗರು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಾರೆ. ಆ ಹೆಮ್ಮೆ ನ್ಯಾಯವಾದುದೇ. ಆದರೆ ಮೊದಲ ಹತ್ತು ವರ್ಷ ಅಲ್ಲಿ ಚುನಾವಣೆಯಿರಲಿಲ್ಲ. 1891ರಲ್ಲಿ ಬಂದದ್ದೂ ಆಸ್ತಿಯುಳ್ಳವರ ಚುನಾವಣೆ. ದಸರೆಯ ಸಮಯದಲ್ಲಿ ಸಭೆ ಕೂಡುವುದು, ದಿವಾನರು ವರ್ಷದ ಆಡಳಿತದ ವಿವರಣೆಯನ್ನು ಓದುವುದು, ಸದಸ್ಯರು ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಶಾಲೆಗಳ ಕೊರತೆಯನ್ನು ಅರಿಕೆ ಮಾಡಿಕೊಳ್ಳುವುದು, ಇದೇ ಕ್ರಮ. ಅರಿಕೆ ಎಂಬ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ಕೇಳುವ ಹಕ್ಕಿತ್ತು, ಉತ್ತರ ಪಡೆಯುವ ಹಕ್ಕು ದುರ್ಬಲವಾಗಿತ್ತು, ಹಣವನ್ನು ತಡೆಹಿಡಿಯುವ ಹಕ್ಕಂತೂ ಇರಲೇ ಇಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪಿತವಾಯಿತು. ಅದರ ಮರುವರ್ಷವೇ, ಅಂದರೆ 1908ರಲ್ಲಿ, ದಿವಾನ್ ವಿ. ಪಿ. ಮಾಧವರಾವ್‌ರವರ ಆಡಳಿತದಲ್ಲಿ ವೃತ್ತಪತ್ರಿಕೆಗಳ ಕಾನೂನು ಬಂದಿತು.

ಈ ಕಾನೂನಿನ ಸ್ವರೂಪವನ್ನು ತುಸು ನಿಧಾನವಾಗಿ ನೋಡಬೇಕು. ಪತ್ರಿಕೆಯನ್ನು ಹೊರಡಿಸಲು ಸರ್ಕಾರದ ಅಪ್ಪಣೆ ಬೇಕು. ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದು. ಬರೆದ ಮೇಲೆ ತಪ್ಪು ಕಂಡರೆ ಶಿಕ್ಷಿಸುವುದು ಒಂದು ರೀತಿ. ಬರೆಯುವುದಕ್ಕೆ ಮೊದಲೇ ಅನುಗ್ರಹ ಬೇಡಬೇಕೆನ್ನುವುದು ಮತ್ತೊಂದು ರೀತಿ. ಎರಡನೆಯದರಲ್ಲಿ ಸಂಪಾದಕನು ಅಪರಾಧ ಮಾಡಬೇಕಾದ ಅಗತ್ಯವೂ ಇಲ್ಲ, ಅವನು ಸದಾ ಸರ್ಕಾರದ ಹಂಗಿನಲ್ಲಿರುತ್ತಾನೆ. ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ, ‘ತಾತಯ್ಯ’ ಎಂದು ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು (1844–1933) ಆಗ ಅರವತ್ತು ದಾಟಿದ ವಯೋವೃದ್ಧರು. ಸಂಸ್ಥಾನದಲ್ಲಿ ಪತ್ರಿಕೆಗಳನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು. ಅವರು ಅಪ್ಪಣೆಗೆ ಕೈಯೊಡ್ಡುವುದಕ್ಕಿಂತ ಪತ್ರಿಕೆಯನ್ನು ನಿಲ್ಲಿಸುವುದೇ ಲೇಸೆಂದು ಪ್ರತಿಭಟಿಸಿದರು. ಗಲಭೆಯಿಲ್ಲ, ಮೆರವಣಿಗೆಯಿಲ್ಲ, ಒಂದು ವಾರ ಬರಬೇಕಾದ ಹಾಳೆ ಬರಲಿಲ್ಲ, ಅಷ್ಟೆ. ಪ್ರತಿಭಟನೆಯನ್ನು ಸೆರೆಮನೆಯ ದಿನಗಳಿಂದ ಅಳೆಯುವ ಅಭ್ಯಾಸ ನಮಗಾಗಿರುವುದರಿಂದ ಈ ಮೌನದ ಬೆಲೆ ನಮಗೆ ಕಾಣುವುದಿಲ್ಲ. ಇದೇ ತಾತಯ್ಯನವರು ಮೈಸೂರಿನ ಅನಾಥಾಲಯವನ್ನು ಕಟ್ಟಿದವರೆಂಬುದನ್ನೂ ಮರೆಯಬಾರದು. ಸೇವೆ ಮಾಡುವವನು ಸರ್ಕಾರದ ಸ್ನೇಹಿತನಾಗಿಯೇ ಇರಬೇಕೆಂಬ ನಿಯಮವನ್ನು ಅವರು ಒಪ್ಪಲಿಲ್ಲ.

1913ರ ಏಪ್ರಿಲಿನಲ್ಲಿ ಬೆಂಗಳೂರಿನಿಂದ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಹೊರಟಿತು. ಸಂಪಾದಕರು ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು, ಆಗ ಇಪ್ಪತ್ತಾರು ವರ್ಷದವರು. ಇವರನ್ನು ಕವಿಗಳೆಂದು ಓದುವ ವಿದ್ಯಾರ್ಥಿಗಳಿಗೆ ಇವರ ಪತ್ರಿಕಾವೃತ್ತಿ ಅಷ್ಟಾಗಿ ತಿಳಿಯದು. ಗೋಖಲೆಯವರನ್ನು ಗುರುವೆಂದು ಭಾವಿಸಿದ್ದ ಗುಂಡಪ್ಪನವರು ರಂಗಾಚಾರ್ಲುರವರ ಚರಿತ್ರೆಯನ್ನೂ ಗೋಖಲೆಯವರ ಚರಿತ್ರೆಯನ್ನೂ ಬರೆದರು. ಈ ಎರಡು ವಸ್ತುಗಳ ಆಯ್ಕೆಯಲ್ಲಿಯೇ ಅವರ ರಾಜಕೀಯ ಮತ ಅಡಗಿದೆ: ಒಬ್ಬರು ಒಳಗಿನಿಂದ ಪ್ರಜೆಗೆ ಬಾಗಿಲು ತೆರೆದ ದಿವಾನರು, ಮತ್ತೊಬ್ಬರು ಹೊರಗಿನಿಂದ ಆ ಬಾಗಿಲನ್ನು ಅಂಕೆ ಅಂಶಗಳಿಂದ ತಟ್ಟಿದ ಪ್ರಜೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವದು (1912–1918). ಹೊಸ ದಿವಾನರ ಮೇಲೆ ಗುಂಡಪ್ಪನವರಿಗೆ ಅಪಾರ ಗೌರವ. ಆದರೂ 1908ರ ಕಾನೂನು ಪುಸ್ತಕದಲ್ಲಿ ಹಾಗೆಯೇ ಇತ್ತು. ತಾನು ವಿಮರ್ಶಿಸಬೇಕಾದ ಸರ್ಕಾರದ ಅಪ್ಪಣೆಯಿಂದಲೇ ಸಂಪಾದಕನು ಬದುಕಬೇಕಾಗಿತ್ತು. ಗೌರವವೂ ಸ್ವಾತಂತ್ರ್ಯವೂ ಘರ್ಷಿಸುವ ಇಂಥ ಸ್ಥಿತಿ ಸಣ್ಣ ಸಂಸ್ಥಾನಗಳಿಗೆ ವಿಶೇಷವಾದದ್ದು. ಕಲ್ಕತ್ತೆ ಮುಂಬಯಿಗಳ ಸಂಪಾದಕನಿಗೆ ವೈಸರಾಯ್ ದೂರದ ವ್ಯಕ್ತಿ. ಬೆಂಗಳೂರಿನಲ್ಲಿ ದಿವಾನರನ್ನು ಸಂಜೆಯ ವಾಯುಸಂಚಾರದಲ್ಲಿ ಕಾಣಬಹುದು; ಅವರ ಕಾರ್ಯದರ್ಶಿ ಸಹಪಾಠಿಯಾಗಿರಬಹುದು. ಇಂಥಲ್ಲಿ ನಿಷ್ಠುರವಾಗಿ ಬರೆಯುವುದು ಕಾನೂನಿಗಿಂತ ದಾಕ್ಷಿಣ್ಯದಿಂದ ಹೆಚ್ಚು ಕಷ್ಟವಾಗುತ್ತದೆ. ತಾವು ಮಾಡಿದ ಕೆಲಸಗಳಿಗಾಗಿ ಬಂದ ಸರ್ಕಾರದ ಚೆಕ್ಕುಗಳನ್ನು ಗುಂಡಪ್ಪನವರು ಹಣವಾಗಿ ಮಾಡಿಕೊಳ್ಳದೆ ಹಾಗೆಯೇ ಇಟ್ಟಿದ್ದರೆಂಬ ಸಂಗತಿ ಪ್ರಸಿದ್ಧವಾಗಿದೆ. ಅದನ್ನು ಸಾಮಾನ್ಯವಾಗಿ ವೈರಾಗ್ಯಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದು ರಾಜ್ಯಶಾಸ್ತ್ರದ ಒಂದು ಪ್ರಮೇಯದಂತೆ ಕಾಣುತ್ತದೆ.

ಅದೇ 1913ರಲ್ಲಿ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು ಬೆಂಗಳೂರು ಪೇಟೆಯ ಪೌರಸಭೆಗೆ ಅಧಿಕಾರಿವರ್ಗಕ್ಕೆ ಸೇರದ ಮೊದಲ ಅಧ್ಯಕ್ಷರಾದರು. 1898ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿಗಳು ಬೆಳೆದು, ನಲ್ಲಿ, ಚರಂಡಿ, ದೀಪಗಳ ಬೇಡಿಕೆ ಏರುತ್ತಿದ್ದ ಸಮಯ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ನಗರದ ಬೀದಿಗೆ ಬಂದಿತ್ತು. ಆಡಳಿತದ ದೃಷ್ಟಿಯಿಂದ ಪೌರಸಭೆ ಪ್ರಜೆಗಳ ಕೈಗೆ ಮೆಲ್ಲಮೆಲ್ಲನೆ ಬರುತ್ತಿತ್ತು. 1920ರ ಹೊತ್ತಿಗೆ ಅಧ್ಯಕ್ಷಸ್ಥಾನಕ್ಕೆ ಚುನಾವಣೆಯೂ ಬಂದಿತು. ಆದರೆ ನಲ್ಲಿಯ ಒಂದು ತುದಿ ಪೌರಸಭೆಯಲ್ಲಿದ್ದರೆ ಇನ್ನೊಂದು ತುದಿ ಹೆಸರಘಟ್ಟದಲ್ಲಿ, ಸರ್ಕಾರದ ವಶದಲ್ಲಿತ್ತು. ನೀರು ಬಾರದಿದ್ದಾಗ ಬೈಸಿಕೊಳ್ಳುವವನು ಪೌರಸದಸ್ಯ. ನೀರನ್ನು ಹೆಚ್ಚಿಸಬಲ್ಲವನು ಅವನಲ್ಲ. ಹೊಣೆಯನ್ನು ಕೊಟ್ಟು ಅಧಿಕಾರವನ್ನು ಉಳಿಸಿಕೊಳ್ಳುವ ಈ ಪದ್ಧತಿ ಇಡೀ ಸಂಸ್ಥಾನದ ರಾಜಕೀಯಕ್ಕೆ ಒಂದು ಮಾದರಿಯಂತಿದೆ.

ಈ ಉದಾರವಾದಿಗಳ ದೋಷವನ್ನೂ ಹೇಳದೆ ಬಿಡಬಾರದು. ಅವರ ಸಂಖ್ಯೆ ಸಣ್ಣದು. ಹೆಚ್ಚಿನವರು ಇಂಗ್ಲಿಷ್ ಕಲಿತ ಬ್ರಾಹ್ಮಣರು. ಮಾತನಾಡುವ ಸ್ವಾತಂತ್ರ್ಯವನ್ನು ಕುರಿತು ಅವರಿಗಿದ್ದ ತವಕ, ಕಚೇರಿಯ ಬಾಗಿಲೇ ತೆರೆಯದಿದ್ದ ಜಾತಿಗಳ ಕಷ್ಟವನ್ನು ಕುರಿತು ಅಷ್ಟಾಗಿ ಇರಲಿಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿ, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದಾಗ ಈ ಕೊರತೆ ಬಯಲಾಯಿತು. ವಿಶ್ವೇಶ್ವರಯ್ಯನವರ ರಾಜೀನಾಮೆಗೆ ಈ ಭೇದಾಭಿಪ್ರಾಯವೇ ಕಾರಣವಾಯಿತು. ಸ್ವಾತಂತ್ರ್ಯವೂ ಸಮಾನಾವಕಾಶವೂ ಒಂದೇ ಹೋರಾಟದ ಎರಡು ಭಾಗವೆಂದು ತಿಳಿಯದೆ ಎರಡು ಗುಂಪುಗಳೂ ದಿವಾನರ ಒಲವಿಗಾಗಿ ಪೈಪೋಟಿ ನಡೆಸಿದ್ದರಿಂದ ಲಾಭವಾದದ್ದು ಅರಮನೆಗೆ. ಜೇಮ್ಸ್ ಮ್ಯಾನರ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಂಸ್ಥಾನದ ಮಟ್ಟದ ರಾಜಕೀಯಕ್ಕೂ ಹಳ್ಳಿಯ ಮಟ್ಟದ ಅಧಿಕಾರಕ್ಕೂ ಸಂಪರ್ಕ ಕಡಮೆಯಿತ್ತೆಂದು ವಾದಿಸಿದ್ದಾರೆ. ಆ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಹಳ್ಳಿಯಲ್ಲಿ ಪಟೇಲ ಶಾನುಭೋಗರ ಮಾತು ನಡೆಯುತ್ತಿತ್ತು. ಬೆಂಗಳೂರಿನ ಸಂಪಾದಕೀಯ ಅಲ್ಲಿಗೆ ತಲುಪುತ್ತಿರಲಿಲ್ಲ. ಆದರೆ ನಗರದ ಪೌರಸಭೆಯನ್ನು ಈ ಲೆಕ್ಕದಿಂದ ಪ್ರತ್ಯೇಕವಾಗಿ ನೋಡಬೇಕಾಗಿತ್ತೆಂದು ನನಗನ್ನಿಸುತ್ತದೆ.

1923ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ದೊರೆಯಿತು. ಹೊಸ ತೆರಿಗೆಗಳನ್ನು ಹಾಕುವ ಮುನ್ನ ಅದನ್ನು ಕೇಳಬೇಕೆಂದಾಯಿತು. 1926ರಿಂದ 1940ರವರೆಗೆ ಗುಂಡಪ್ಪನವರು ನ್ಯಾಯವಿಧಾಯಕ ಸಭೆಯ ಸದಸ್ಯರು. ಆ ಕಾಲದ ಬಹುಭಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಕಾಲದ ಉದ್ಯಾನ, ಕಾರಂಜಿ, ಪುರಭವನಗಳನ್ನು ಮೆಚ್ಚದವರಿಲ್ಲ. ಹೆಸರಘಟ್ಟ ಸಾಲದೆಂದು ಅರ್ಕಾವತಿಯ ಮೇಲೆಯೇ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರವೂ 1933ರಲ್ಲಿ ಮುಗಿಯಿತು. ಆದರೆ ಐದು ವರ್ಷ ಕಳೆಯುವುದರೊಳಗೆ, 1938ರ ಏಪ್ರಿಲಿನಲ್ಲಿ, ಶಿವಪುರದ ಧ್ವಜ ಸತ್ಯಾಗ್ರಹವೂ ವಿದುರಾಶ್ವತ್ಥದ ಗೋಲಿಬಾರೂ ನಡೆದವು. ನೀರು ಹೆಚ್ಚಾದ ಮಾತ್ರಕ್ಕೆ ಜನ ಬಾವುಟದ ಮಾತನ್ನು ಬಿಡಲಿಲ್ಲ. ಉಪಕಾರವನ್ನು ಹಕ್ಕಿಗೆ ಬದಲಾಗಿ ಕೊಡಲಾಗದೆಂದು ಉದಾರವಾದಿಗಳು ಕಾಲು ಶತಮಾನದಿಂದ ನುಡಿಯುತ್ತಿದ್ದುದನ್ನು ರೈತರು ಗುಂಡಿನೆದುರು ನಿಂತು ಹೇಳಿದರು. 1947ರ ‘ಮೈಸೂರು ಚಲೋ’ ಚಳವಳಿ ಮತ್ತು ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲದ ವೃತ್ತಾಂತ ಎಲ್ಲರಿಗೂ ತಿಳಿದದ್ದೇ, ಇಲ್ಲಿ ವಿಸ್ತರಿಸುವುದಿಲ್ಲ.

1959ರಲ್ಲಿ ರಾಜಾಜಿಯವರ ನೇತೃತ್ವದಲ್ಲಿ ಸ್ವತಂತ್ರ ಪಕ್ಷವು ಹುಟ್ಟಿದ ಮೇಲೆ, ಸರ್ಕಾರ ಎಷ್ಟು ಕಡಮೆ ಮಾಡಿದರೆ ಪ್ರಜೆ ಅಷ್ಟು ಸ್ವತಂತ್ರನೆಂಬ ವಾದ ನಮ್ಮಲ್ಲಿ ಪ್ರಚಾರಕ್ಕೆ ಬಂದಿತು. ಮೈಸೂರಿನ ಹಳೆಯ ಸ್ವಾತಂತ್ರ್ಯಪ್ರಿಯರನ್ನು ಈ ಪರಂಪರೆಗೆ ಸೇರಿಸುವುದು ಸರಿಯಲ್ಲ. ಸರ್ಕಾರ ಕಟ್ಟೆ ಕಟ್ಟುವುದಕ್ಕೆ ಅವರ ಆಕ್ಷೇಪವಿರಲಿಲ್ಲ. ಕಟ್ಟೆಯ ಲೆಕ್ಕ ಕೇಳುವವನಿಗೆ ಅಪ್ಪಣೆಪತ್ರ ಬೇಕೆಂಬುದಕ್ಕೆ ಆಕ್ಷೇಪವಿತ್ತು. 1945ರಲ್ಲಿ ಗುಂಡಪ್ಪನವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಉದ್ದೇಶವೂ ಲೆಕ್ಕ ಕೇಳಬಲ್ಲ ಪೌರರನ್ನು ತಯಾರು ಮಾಡುವುದೇ. ತಮ್ಮ ಸನ್ಮಾನದಲ್ಲಿ ಬಂದ ನಿಧಿಯನ್ನೂ ಅವರು ಅದಕ್ಕೇ ಒಪ್ಪಿಸಿದರು.

1949ರಲ್ಲಿ ಪೇಟೆ ಮತ್ತು ದಂಡಿನ ಪೌರಸಭೆಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಒಂದೇ ನೀರು ಕುಡಿಯುವವರು ಒಂದೇ ಸಭೆಗೆ ಮತ ಹಾಕುವಂತಾಯಿತು. ಈ ಏರ್ಪಾಡು ಹದಿನೈದು ವರ್ಷ ನಡೆಯಿತು. 1964ರಲ್ಲಿ ಶಾಸನದ ಮೂಲಕ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯನ್ನು ರಚಿಸಿ, ನೀರಿನ ಹಂಚಿಕೆಯನ್ನು ಚುನಾಯಿತ ಸದಸ್ಯರ ಕೈಯಿಂದ ತೆಗೆದು ಆ ಮಂಡಲಿಗೆ ಒಪ್ಪಿಸಿದರು. 1974ರಲ್ಲಿ ಕಾವೇರಿಯ ನೀರು ನಗರಕ್ಕೆ ಬಂದಿತು. ದಕ್ಷತೆಯ ದೃಷ್ಟಿಯಿಂದ ಈ ಬದಲಾವಣೆಗೆ ಬಲವಾದ ಕಾರಣಗಳಿದ್ದವು. ಆದರೆ ನಲ್ಲಿಯ ಎರಡು ತುದಿಗಳಲ್ಲಿ ಪೌರಸಭೆಯ ಬಳಿ ಇದ್ದ ಒಂದು ತುದಿಯೂ ಅಂದು ಅದರ ಕೈಬಿಟ್ಟಿತು.