ಆರಂಭಿಕ ಅಮೆರಿಕದ ಇತಿಹಾಸದಲ್ಲಿ ಮದ್ರಾಸು

ಇಂದಿನ ಚೆನ್ನೈ ಆಗಿರುವ ಮದ್ರಾಸಿಗೂ ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತುಗಳಿಗೂ ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ನಂಟಿತ್ತು. ವಿಶ್ವವಿದ್ಯಾಲಯಗಳ ಅಮೆರಿಕದ ಇತಿಹಾಸ ಪಾಠಗಳು ಸಾಮಾನ್ಯವಾಗಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲೇ ಸುತ್ತುತ್ತವೆ. ಆದರೆ ಆ ಕಥೆಯ ಒಂದು ಎಳೆ ಬಂಗಾಳ ಕೊಲ್ಲಿಯ ದಡದಲ್ಲಿದೆ, ಇನ್ನೊಂದು ಶ್ರೀರಂಗಪಟ್ಟಣದಲ್ಲಿ.

ಬಾಸ್ಟನ್ ಊರು ಹುಟ್ಟಿದ್ದು 1630ರಲ್ಲಿ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ವಿಜಯನಗರದ ಅರವೀಡು ಅರಸರಿಗೆ ಅಧೀನನಾಗಿದ್ದ ದಾಮರ್ಲ ವೆಂಕಟಾದ್ರಿ ನಾಯಕನಿಂದ ಮದ್ರಾಸಿನ ಜಾಗ ಪಡೆಯಿತು. ಎರಡೂ ಊರುಗಳ ನಡುವೆ ಓಡಾಡಿದ್ದು ಸರಕಿಗಿಂತ ಹೆಚ್ಚಾಗಿ ಮನುಷ್ಯರ ಅದೃಷ್ಟ. 1649ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಎಲಿಹು ಯೇಲ್ 1672ರಲ್ಲಿ ಕಂಪನಿಯ ಗುಮಾಸ್ತನಾಗಿ ಮದ್ರಾಸಿಗೆ ಬಂದ. 1680ರಲ್ಲಿ ಅಲ್ಲಿನ ಕಂಪನಿಯ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನಲ್ಲಿ ಮದುವೆಯಾಗಿ, 1687ರಲ್ಲಿ ಗವರ್ನರ್ ಆದ. ಸ್ವಂತ ವ್ಯಾಪಾರದಿಂದ ಗಳಿಸಿದ ಹಣವೇ ಅವನ ಹುದ್ದೆಗೆ ಮುಳುವಾಯಿತು. 1692ರಲ್ಲಿ ಕಂಪನಿ ಅವನನ್ನು ಕೆಳಗಿಳಿಸಿತು. ಅವನ ಆಡಳಿತದಲ್ಲಿ ಈ ಬಂದರಿನಿಂದ ಗುಲಾಮರ ಸಾಗಣೆಯೂ ನಡೆಯಿತು. 1718ರಲ್ಲಿ ಕನೆಕ್ಟಿಕಟ್‌ನ ಒಂದು ಬಡ ಕಾಲೇಜಿಗೆ ಅವನು ಒಂಬತ್ತು ಮೂಟೆ ಸರಕು, 417 ಪುಸ್ತಕ, ಒಂದನೇ ಜಾರ್ಜ್ ದೊರೆಯ ಚಿತ್ರ ಕಳುಹಿಸಿದ. ಸರಕು ಮಾರಿ ಬಂದದ್ದು ಸುಮಾರು 562 ಪೌಂಡು. ಕಾಲೇಜು ಅವನ ಹೆಸರಿಟ್ಟುಕೊಂಡಿತು. ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಹೆಸರು ಮತ್ತೊಬ್ಬರಿಗೆ ದಕ್ಕಿರಲಾರದು.

ಯೇಲ್ ಒಬ್ಬನೇ ಅಲ್ಲ. 1688ರಲ್ಲಿ ಮದ್ರಾಸು ನಗರಸಭೆ ಆರಂಭವಾದಾಗ ಮೊದಲ ಮೇಯರ್ ಆದ ನಥಾನಿಯಲ್ ಹಿಗ್ಗಿನ್ಸನ್ ಹುಟ್ಟಿದ್ದು ಕನೆಕ್ಟಿಕಟ್‌ನ ಗಿಲ್ಫೋರ್ಡಿನಲ್ಲಿ, ಓದಿದ್ದು ಹಾರ್ವರ್ಡ್‌ನಲ್ಲಿ. ಯೇಲ್ ಇಳಿದ ಕುರ್ಚಿಗೆ ಏರಿದವನೂ ಅವನೇ. 1698ರಲ್ಲಿ ಅವನ ಜಾಗಕ್ಕೆ ಬಂದ ಥಾಮಸ್ ಪಿಟ್ ಮದ್ರಾಸಿನಲ್ಲಿ ಕೊಂಡ ಭಾರೀ ವಜ್ರವೊಂದನ್ನು 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದ. ಅವನ ಮೊಮ್ಮಗ ವಿಲಿಯಂ ಪಿಟ್ ಇಂಗ್ಲೆಂಡಿನ ರಾಜಕಾರಣದಲ್ಲಿ ಬೆಳೆದ. ಪಿಟ್ಸ್‌ಬರ್ಗ್ ನಗರದ ಹೆಸರು ಈ ಮೊಮ್ಮಗನದು.

ಮೈಸೂರು ಈ ಕಥೆಯೊಳಗೆ ಬರುವುದು 1769ರಲ್ಲಿ. ಹೈದರಾಲಿ ಮದ್ರಾಸಿನ ಹೊಸ್ತಿಲಿಗೆ ಬಂದು ಕಂಪನಿಯಿಂದ ಒಪ್ಪಂದ ಬರೆಸಿಕೊಂಡ. ಅವನ ದಂಡಯಾತ್ರೆಯ ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರು ಕುಸಿಯಿತು. ಬಂಗಾಳದ ಬರಗಾಲ, 1772ರ ಸಾಲದ ಮುಗ್ಗಟ್ಟು ಸೇರಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಅದನ್ನು ಉಳಿಸಲು 1773ರಲ್ಲಿ ಬಂದ ಚಹಾ ಕಾಯಿದೆಯೇ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳು ನೀರುಪಾಲಾಗಲು ನೆಪ. ಆ ಚಹಾ ಚೀನಾದ್ದು, ನಮ್ಮದಲ್ಲ. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಮೈಸೂರಿನ ಸೇನೆ ಕಂಪನಿಯ ಪಡೆಯನ್ನು ನೆಲಕಚ್ಚಿಸಿತು. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಅಮೆರಿಕನ್ನರಿಗೆ ಹೈದರನ ಹೆಸರು ಅಪರಿಚಿತವಾಗಿ ಉಳಿಯಲಿಲ್ಲ: ಪೆನ್ಸಿಲ್ವೇನಿಯಾದ ‘ಹೈದರ್ ಆಲಿ’ ಎಂಬ ಹಡಗು 1782ರ ಏಪ್ರಿಲಿನಲ್ಲಿ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಾಂಕ್’ ಅನ್ನು ಸೆರೆಹಿಡಿಯಿತು.

1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಎದುರು ಸೋತ ಕಾರ್ನ್‌ವಾಲಿಸ್, 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಹೈದರನ ಮಗ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ. ಆ ಮಕ್ಕಳನ್ನು ಮದ್ರಾಸಿನಲ್ಲಿ ಇರಿಸಲಾಯಿತು. ಅಮೆರಿಕದ ಪಠ್ಯಗಳಲ್ಲಿ ಸೋತ ಸೇನಾಪತಿ, ನಮ್ಮ ಪಠ್ಯಗಳಲ್ಲಿ ಗೆದ್ದವನು. ಎರಡನ್ನೂ ಜೋಡಿಸಿ ಓದಿಸದಿದ್ದರೆ ಎರಡೂ ಅರ್ಧ ಪಾಠ.

ಈ ವಿಷಯದಲ್ಲಿ ಪ್ರಬಂಧ ಬರೆಯಬೇಕಾದ ವಿದ್ಯಾರ್ಥಿಗೆ ಚೆನ್ನೈಯಲ್ಲೇ ಸಾಕಷ್ಟು ಆಕರಗಳಿವೆ. ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಕೋಟೆಯ ದಿನಚರಿ ಮತ್ತು ಸಮಾಲೋಚನಾ ಪುಸ್ತಕಗಳು ಸಿಗುತ್ತವೆ. 1913ರಲ್ಲಿ ಹೆನ್ರಿ ಡೇವಿಸನ್ ಲವ್ ಹೊರತಂದ ಹಳೆಯ ಮದ್ರಾಸಿನ ಕುರಿತ ಸಂಪುಟಗಳು ಈಗಲೂ ಉಪಯುಕ್ತ. ಯೇಲನ ಮಗ ಡೇವಿಡ್‌ನ ಸಮಾಧಿ ಮದ್ರಾಸು ಹೈಕೋರ್ಟಿನ ಆವರಣದಲ್ಲಿದೆ. ಥಾಮಸ್ ಬ್ಯಾಂಕ್ಸ್ ಕಡೆದ ಕಾರ್ನ್‌ವಾಲಿಸನ ಪ್ರತಿಮೆ ಕೋಟೆಯ ವಸ್ತುಸಂಗ್ರಹಾಲಯದಲ್ಲಿದ್ದು, ಅದರ ಪೀಠದ ಮೇಲೆ ಟಿಪ್ಪುವಿನ ಮಕ್ಕಳನ್ನು ಒಪ್ಪಿಸುವ ದೃಶ್ಯವಿದೆ.