ಮಜ್ಜಿಗೆ ಹುಲ್ಲು: ನಮ್ಮ ಬೆಟ್ಟದ ಒಂದು ಹುಲ್ಲಿನ ಚರಿತ್ರೆ

ಚರಿತ್ರೆ ಎಂದರೆ ರಾಜರು, ಯುದ್ಧಗಳು, ಇಸವಿಗಳು ಎಂದೇ ನಮ್ಮ ಮಕ್ಕಳು ತಿಳಿದುಕೊಂಡಿದ್ದಾರೆ. ಆದರೆ ಹಿತ್ತಲಲ್ಲಿ ಬಚ್ಚಲು ನೀರು ಕುಡಿದು ಬೆಳೆಯುವ ಒಂದು ಹುಲ್ಲಿಗೂ ಚರಿತ್ರೆ ಇದೆ. ಅದರಲ್ಲಿ ಹಡಗು ಇದೆ, ಪ್ರಯೋಗಾಲಯ ಇದೆ, ಮಹಾಯುದ್ಧದ ನಂತರದ ಮಾರುಕಟ್ಟೆ ಇದೆ, ಬೆಟ್ಟದಲ್ಲಿ ಹುಲ್ಲು ಕೊಯ್ದವರ ಕೂಲಿಯೂ ಇದೆ. ಆ ಹುಲ್ಲೇ ಮಜ್ಜಿಗೆ ಹುಲ್ಲು.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ಇಂಗ್ಲಿಷಿನವರು ಇದರಲ್ಲಿ ನಿಂಬೆಯ ವಾಸನೆ ಕಂಡರು, ಲೆಮನ್ ಗ್ರಾಸ್ ಎಂದರು. ಮಲಯಾಳದವರಿಗೆ ಶುಂಠಿಯ ನೆನಪಾಯಿತು, ಇಂಚಿಪ್ಪುಲ್ಲು ಎಂದರು. ತಮಿಳಿನಲ್ಲಿ ವಾಸನೈಪ್ಪುಲ್ ಎಂಬ ಹೆಸರಿದೆ, ಅಂದರೆ ಪರಿಮಳದ ಹುಲ್ಲು. ಕನ್ನಡದವರು ಮಾತ್ರ ವಾಸನೆಯನ್ನು ಬೇರೆ ಯಾವುದಕ್ಕೂ ಹೋಲಿಸಲು ಹೋಗಲಿಲ್ಲ. ಅದನ್ನು ಎಲ್ಲಿಗೆ ಹಾಕುತ್ತೇವೋ ಅದರ ಹೆಸರನ್ನೇ ಇಟ್ಟರು. ಮಜ್ಜಿಗೆಗೆ ಹಾಕುವ ಹುಲ್ಲು ಮಜ್ಜಿಗೆ ಹುಲ್ಲು! ಒಂದು ಎಲೆ ಜಜ್ಜಿ ಮಜ್ಜಿಗೆಯಲ್ಲಿ ಅದ್ದಿಡುವುದು, ಬೆಣ್ಣೆ ಕಾಯಿಸುವಾಗ ಒಂದು ಗಂಟು ಎಲೆ ಹಾಕುವುದು, ಶೀತಕ್ಕೆ ಕಷಾಯ ಮಾಡುವುದು, ಇಷ್ಟು ಉಪಯೋಗ ಆ ಒಂದು ಹೆಸರಿನ ಹಿಂದೆ ನಿಂತಿದೆ.

ಒಂದೇ ಹುಲ್ಲಲ್ಲ, ಎರಡು

ನಾವು ಒಂದೇ ಎಂದುಕೊಳ್ಳುವ ಈ ಹುಲ್ಲಿನಲ್ಲಿ ಎರಡು ಜಾತಿಗಳಿವೆ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿದ್ದ ಓಟೋ ಸ್ಟಾಪ್ಫ್ ಎಂಬ ಸಸ್ಯಶಾಸ್ತ್ರಜ್ಞರು 1906ರಲ್ಲಿ ಭಾರತ ಮತ್ತು ಸಿಂಹಳದ ಎಣ್ಣೆ ಹುಲ್ಲುಗಳ ಬಗ್ಗೆ ದೊಡ್ಡ ಲೇಖನ ಬರೆದು ಇವುಗಳನ್ನು ವಿಂಗಡಿಸಿದರು. ಹಿತ್ತಲಲ್ಲಿ ಬೆಳೆಸುವುದು, ಬುಡ ದಪ್ಪವಾಗಿ ಅಡುಗೆಗೆ ಒದಗುವುದು ಸಿಂಬೊಪೊಗಾನ್ ಸಿಟ್ರೇಟಸ್. ಇದು ಹೂ ಬಿಡುವುದೇ ಅಪರೂಪ. ನಮ್ಮ ಪಶ್ಚಿಮ ಘಟ್ಟ ಮತ್ತು ಅದರ ಪಕ್ಕದ ಬೆಟ್ಟಗಳಲ್ಲಿ ತಾನಾಗಿ ಆಳೆತ್ತರ ಬೆಳೆದು ಹೂ ಬಿಡುವುದು ಸಿಂಬೊಪೊಗಾನ್ ಫ್ಲೆಕ್ಸುಯೋಸಸ್. ವ್ಯಾಪಾರದವರು ಇದನ್ನು ಮಲಬಾರ್ ಹುಲ್ಲು ಎಂದರು.

ಈ ಎರಡನೆಯದು ನಮಗೆ ಹೊಸದಲ್ಲ. ತಾಳವಾಡಿ, ಸತ್ಯಮಂಗಲ, ಚಾಮರಾಜನಗರದ ಕಾಡುಗಳಲ್ಲಿ ಎತ್ತರದ ಹುಲ್ಲಿನ ನಡುವೆ ಇದೂ ಇದೆ. 1980ರ ದಶಕದ ಆರಂಭದಲ್ಲಿ ಇದೇ ಕಾಡುಗಳಲ್ಲಿ ಆನೆಗಳ ಅಧ್ಯಯನ ಮಾಡಿದ ವಿಜ್ಞಾನಿ ರಾಮನ್ ಸುಕುಮಾರ್ ಅವರು ಆನೆ ತಿನ್ನುವ ಹುಲ್ಲುಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದಾರೆ. ಮಳೆ ಬಿದ್ದು ಚಿಗುರಿದಾಗ ಎಳೆಯ ಹುಲ್ಲನ್ನು ಆನೆ ಮೇಯುತ್ತದೆ, ಬಲಿತು ಒರಟಾದ ಮೇಲೆ ಬಿಟ್ಟುಬಿಡುತ್ತದೆ. ವಾಸನೆಯ ಹುಲ್ಲಿಗೆ ಆನೆ ಬಾಯಿ ಹಾಕುವುದೇ ಇಲ್ಲ ಎಂದು ಕೇಳಿ ನಂಬಿದವರು ಇದನ್ನು ಗಮನಿಸಬೇಕು.

ಕೊಚ್ಚಿಯಿಂದ ಹೊರಟ ಪೀಪಾಯಿಗಳು

19ನೇ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರು, ಕೊಚ್ಚಿ, ಮಲಬಾರು ಸೀಮೆಗಳ ಗುಡ್ಡಗಳಲ್ಲಿ ಈ ಹುಲ್ಲಿನಿಂದ ಎಣ್ಣೆ ಇಳಿಸುವುದು ಒಂದು ಕಸುಬಾಗಿ ಬೆಳೆಯಿತು. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಕೊಡುತ್ತಿದ್ದರು. ಮುಂಗಾರಿಗೆ ಹೊಸ ಹುಲ್ಲು ಏಳುತ್ತಿತ್ತು. ಮಳೆ ಹಿಂದೆಗೆದ ಮೇಲೆ ಕೊಯ್ಲು, ಗುಡ್ಡದ ಮೇಲೆಯೇ ಭಟ್ಟಿ. ತಾಮ್ರದ ಹಂಡೆಯಲ್ಲಿ ಹುಲ್ಲು, ನೀರು ತುಂಬಿ ಕೆಳಗೆ ಉರಿ ಹಾಕುವುದು, ಆವಿಯನ್ನು ತಣ್ಣೀರಿನಲ್ಲಿ ಮುಳುಗಿದ ಕೊಳವೆಯ ಮೂಲಕ ಹಾಯಿಸುವುದು. ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಅದನ್ನು ತೆಗೆದುಕೊಳ್ಳುವುದು. ಮಲಯಾಳದಲ್ಲಿ ಇದಕ್ಕೆ ಪುಲ್‌ತೈಲ ಎಂದು ಹೆಸರು.

ಕೇಳಲು ಸುಲಭ. ಲೆಕ್ಕ ಹಾಕಿ ನೋಡಿ. 100 ಕಿಲೋ ಹಸಿ ಹುಲ್ಲಿಗೆ ಸಿಗುವ ಎಣ್ಣೆ ಸುಮಾರು 200ರಿಂದ 400 ಗ್ರಾಂ. ಒಂದು ಕಿಲೋ ಎಣ್ಣೆಗೆ ಎಷ್ಟು ಹೊರೆ ಹುಲ್ಲು, ಎಷ್ಟು ಸೌದೆ, ಎಷ್ಟು ಜನರ ಬೆನ್ನು ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು! ಆ ಎಣ್ಣೆ ಕೊಚ್ಚಿ ಬಂದರಿನಿಂದ ಹಡಗು ಹತ್ತುತ್ತಿತ್ತು. ಹಾಗಾಗಿ ಲಂಡನ್, ನ್ಯೂಯಾರ್ಕ್ ಪೇಟೆಗಳಲ್ಲಿ ಅದರ ಹೆಸರು ಕೊಚ್ಚಿನ್ ಆಯಿಲ್. ಹುಲ್ಲು ಬೆಳೆದ ಗುಡ್ಡದ ಹೆಸರೂ ಇಲ್ಲ, ಕೊಯ್ದವರ ಹೆಸರೂ ಇಲ್ಲ. ಹಡಗು ಹತ್ತಿದ ಊರಿನ ಹೆಸರೇ ಸರಕಿಗೆ ಅಂಟಿಕೊಂಡಿತು.

ಬೆಲೆ ಏರಿದ್ದು, ಇಳಿದದ್ದು

ಹೊರದೇಶದವರಿಗೆ ಈ ಎಣ್ಣೆ ಏಕೆ ಬೇಕಿತ್ತು? ಸಾಬೂನಿನ ಪರಿಮಳಕ್ಕೆ ಎಂಬುದು ಒಂದು ಉತ್ತರ. ದೊಡ್ಡ ಉತ್ತರ ಬೇರೆ ಇದೆ. ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿಟ್ರಾಲ್ ಎಂಬ ವಸ್ತು. 1893ರಲ್ಲಿ ಜರ್ಮನಿಯ ಟೀಮನ್ ಮತ್ತು ಕ್ರ್ಯೂಗರ್ ಎಂಬ ರಸಾಯನಶಾಸ್ತ್ರಜ್ಞರು ಸಿಟ್ರಾಲ್‌ನಿಂದ ಅಯೋನೋನ್ ತಯಾರಿಸಿದರು. ಅದಕ್ಕೆ ವಯಲೆಟ್ ಹೂವಿನ ಪರಿಮಳ. ಹೀಗೆ ನಮ್ಮ ಗುಡ್ಡದ ಹುಲ್ಲು ಯೂರೋಪಿನ ಹೂವಿನ ವೇಷ ಹಾಕಿ ಸೆಂಟಿನ ಬಾಟಲಿಗೆ ಇಳಿಯಿತು.

ನಂತರ ಇನ್ನೊಂದು ತಿರುವು. 1931ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಕಾರರ್ ಎ ವಿಟಮಿನ್ನಿನ ರಚನೆಯನ್ನು ಕಂಡುಹಿಡಿದರು. 1937ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲಿತ್ತು. 1947ರಲ್ಲಿ ಬಾಸೆಲ್ ನಗರದ ಹಾಫ್‌ಮನ್-ಲಾ ರೋಶ್ ಸಂಸ್ಥೆಯ ಓಟೋ ಇಸ್ಲರ್ ಮತ್ತು ಸಂಗಡಿಗರು ಅಯೋನೋನ್‌ನಿಂದ ಎ ವಿಟಮಿನ್ ತಯಾರಿಸುವ ದಾರಿ ತೋರಿಸಿದರು. ಅಯೋನೋನ್‌ಗೆ ಸಿಟ್ರಾಲ್ ಬೇಕು, ಸಿಟ್ರಾಲ್‌ಗೆ ಹುಲ್ಲಿನ ಎಣ್ಣೆ ಬೇಕು. ಅಲ್ಲಿಗೆ ಇರುಳುಗಣ್ಣಿನ ಮದ್ದಿಗೂ ಗುಡ್ಡದ ಹುಲ್ಲಿಗೂ ನಂಟು ಬೆಳೆಯಿತು. ಈ ಬೇಡಿಕೆಯ ಕಾಲದಲ್ಲೇ, 1951ರಲ್ಲಿ, ಪೆರುಂಬಾವೂರಿನ ಹತ್ತಿರದ ಓಡಕ್ಕಾಲಿಯಲ್ಲಿ ಈ ಹುಲ್ಲಿಗಾಗಿಯೇ ಒಂದು ಸಂಶೋಧನಾ ಕೇಂದ್ರ ತೆರೆಯಿತು. ನಂತರ ಅದು ಕೇರಳ ಕೃಷಿ ವಿಶ್ವವಿದ್ಯಾಲಯದ ಅಡಿಗೆ ಬಂತು. ಅಲ್ಲಿಂದ ಬಂದ ಓಡಿ-19 ಎಂಬ ತಳಿಗೆ ಸುಗಂಧಿ ಎಂದು ಹೆಸರು.

ಆದರೆ ಕಾರ್ಖಾನೆಯವರು ಹುಲ್ಲನ್ನು ನಂಬಿ ಕೂರಲಿಲ್ಲ. ಗ್ವಾಟೆಮಾಲದಂಥ ದೇಶಗಳೂ ಈ ಹುಲ್ಲು ಬೆಳೆದು ಪೈಪೋಟಿಗೆ ನಿಂತವು. ಜೊತೆಗೆ ಅಸಿಟೋನ್‌ನಂಥ ಅಗ್ಗದ ರಾಸಾಯನಿಕಗಳಿಂದಲೇ ಅಯೋನೋನ್ ಮಾಡುವ ವಿಧಾನ 1950ರ ದಶಕದಿಂದ ಬಳಕೆಗೆ ಬಂತು. ಹುಲ್ಲಿನೆಣ್ಣೆಗಿದ್ದ ದೊಡ್ಡ ಬೇಡಿಕೆ ಕುಸಿಯಿತು. ಕೇರಳದ ಗುಡ್ಡಗಳಲ್ಲಿ ರಬ್ಬರು ಹಬ್ಬಿತು. ಹುಲ್ಲು ಕೊಯ್ದು ಬದುಕುತ್ತಿದ್ದವರಿಗೆ ಕೂಲಿ ತಪ್ಪಿದ್ದು ಹುಲ್ಲು ಬೆಳೆಯದೆ ಅಲ್ಲ. ಅವರು ಹೆಸರೂ ಕೇಳದ ಊರಿನ ಒಂದು ಪ್ರಯೋಗಾಲಯದಲ್ಲಿ ಹೊಸ ದಾರಿ ಸಿಕ್ಕಿದ್ದರಿಂದ. ಚರಿತ್ರೆಯ ಪಾಠದಲ್ಲಿ ನೀಲಿ ಬೆಳೆಯ ಕಥೆ ಓದಿದ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀಲಿ ಗಿಡಕ್ಕೆ ಆದದ್ದೇ ಇದಕ್ಕೂ ಆಯಿತು.

ಈಚೆಗೆ ಮತ್ತೆ ಗಾಳಿ ತಿರುಗಿದೆ. 1959ರಲ್ಲಿ ಆರಂಭವಾಗಿ ಲಖನೌದಲ್ಲಿ ನೆಲೆನಿಂತ ಸಿಮ್ಯಾಪ್ ಸಂಸ್ಥೆ ಕೃಷ್ಣ, ಪ್ರಗತಿ ಮುಂತಾದ ತಳಿಗಳನ್ನು ಕೊಟ್ಟಿದೆ. 2016-17ರಿಂದ ಕೇಂದ್ರದ ಅರೋಮಾ ಮಿಷನ್ ಮೂಲಕ ಹಲವು ರಾಜ್ಯಗಳ ರೈತರಿಗೆ ಸಸಿ, ಭಟ್ಟಿ ದೊರೆಯುತ್ತಿವೆ. ಒಳ್ಳೆಯದೇ. ಆದರೆ ಹಳೆಯ ಕಥೆ ಗೊತ್ತಿದ್ದವನು ಇಡೀ ಹೊಲಕ್ಕೆ ಹುಲ್ಲು ಹಾಕುವ ಮೊದಲು ಎಣ್ಣೆ ಕೊಳ್ಳುವವರು ಯಾರು ಎಂದು ಕೇಳಿಯಾನು.

ತಂಪು ಸೀಮೆಯಲ್ಲಿ ಬೆಳೆಯುವುದು ಹೇಗೆ?

ಈ ಹುಲ್ಲಿಗೆ ಬೇಕಾದದ್ದು ಬಿಸಿಲು ಮತ್ತು ತೇವ. ಸಮುದ್ರಮಟ್ಟದಿಂದ 900ರಿಂದ 1250 ಮೀಟರು ಎತ್ತರದವರೆಗೂ ಚೆನ್ನಾಗಿ ಬರುತ್ತದೆ. ಹಾಗಾಗಿ ತಾಳವಾಡಿ, ಹಾಸನೂರು, ವಯನಾಡು, ಗೂಡಲೂರಿನವರಿಗೆ ತೊಂದರೆಯಿಲ್ಲ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೆ. ಊಟಿಯ 2240 ಮೀಟರಿನಲ್ಲಿ ಹಾಗಲ್ಲ. ಅಲ್ಲಿ ಡಿಸೆಂಬರ್, ಜನವರಿಯ ಹಿಮಗಡ್ಡೆ ಬಿದ್ದರೆ ಎಲೆ ಸುಟ್ಟಂತಾಗುತ್ತದೆ, ಬುಡಕ್ಕೆ ತಗಲಿದರೆ ಗಿಡವೇ ಹೋಗುತ್ತದೆ.

ಚಳಿ ಊರಿನವರು ಇಷ್ಟು ಮಾಡಿದರೆ ಸಾಕು. ಮುಂಗಾರಿನ ಆರಂಭದಲ್ಲಿ ಹಳೆಯ ಬುಡವನ್ನು ಬಿಡಿಸಿ, ಬೇರಿರುವ ತೆಂಡೆಗಳನ್ನು ನೆಡಿ. ಎಲೆಯ ತುದಿ ಕತ್ತರಿಸಿ ನೆಟ್ಟರೆ ಬೇಗ ಬೇರು ಹಿಡಿಯುತ್ತದೆ. ನೀರು ನಿಂತರೆ ಬುಡ ಕೊಳೆಯುತ್ತದೆ, ಆದ್ದರಿಂದ ದಿಬ್ಬವೇ ಮೇಲು. ಮೂರು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಎರಡು ತಿಂಗಳಿಗೊಮ್ಮೆ. ನವೆಂಬರಿನ ನಂತರ ಬೋಳಾಗಿ ಕೊಯ್ಯಬೇಡಿ. ಒಣಗಿದ ಎಲೆಗಳೇ ಬುಡಕ್ಕೆ ಕಂಬಳಿ. ಹಿಮ ಬೀಳುವ ಊರಾದರೆ ಒಂದೆರಡು ತೆಂಡೆಯನ್ನು ಕುಂಡದಲ್ಲಿಟ್ಟು ಬಿಸಿಲು ಬೀಳುವ ಗೋಡೆಯ ಪಕ್ಕ ಇಡಿ, ರಾತ್ರಿ ಒಳಗೆ ತನ್ನಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಬಿಡಿಸಿ ಹೊಸದಾಗಿ ನೆಟ್ಟರೆ ವಂಶ ಉಳಿಯುತ್ತದೆ. ಶಾಲೆಯ ಕೈ ತೊಳೆಯುವ ನೀರು ಹರಿದುಹೋಗುವ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು.

ಗಡಿ ಮತ್ತು ಹೆಸರು

1956ರ ನವೆಂಬರ್ 1ರಂದು ಭಾಷಾವಾರು ಗೆರೆ ಎಳೆದಾಗ, ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮಲಬಾರಿನ ವಯನಾಡು ಕೇರಳಕ್ಕೆ ಹೋಯಿತು. ಒಂದೇ ಬೆಟ್ಟಸಾಲು ಮೂರು ರಾಜ್ಯವಾಯಿತು. ಹುಲ್ಲು ಮೂರರಲ್ಲೂ ಹಾಗೆಯೇ ಬೆಳೆಯುತ್ತಿದೆ. ಆದರೆ ಹೆಸರುಗಳು ಹಾಗಲ್ಲ. ಅವನ್ನು ಯಾರಾದರೂ ಆಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇವತ್ತು ನಮ್ಮ ಮಕ್ಕಳು ಈ ಹುಲ್ಲನ್ನು ಚಹಾ ಪೊಟ್ಟಣದ ಮೇಲೆ, ನೆಲ ಒರೆಸುವ ಎಣ್ಣೆಯ ಬಾಟಲಿಯ ಮೇಲೆ ಲೆಮನ್ ಗ್ರಾಸ್ ಎಂದು ಓದುತ್ತಾರೆ. ಹಿತ್ತಲಲ್ಲಿರುವುದೂ ಅದೇ ಎಂದು ಅನೇಕರಿಗೆ ತಿಳಿಯದು. ಪೇಟೆಯವರು ಕೊಟ್ಟ ಕೊಚ್ಚಿನ್ ಆಯಿಲ್ ಎಂಬ ಹೆಸರಿನ ಹಿಂದೆ ಒಂದು ವ್ಯಾಪಾರವಿತ್ತು, ಆ ವ್ಯಾಪಾರ ಕುಗ್ಗಿತು. ಅಜ್ಜಿಯರು ಕೊಟ್ಟ ಹೆಸರಿನ ಹಿಂದೆ ಇರುವುದು ಒಂದು ಲೋಟ ಮಜ್ಜಿಗೆ. ಅದಕ್ಕೆ ಯಾವ ಪ್ರಯೋಗಾಲಯದ ಹಂಗೂ ಇಲ್ಲ, ಯಾವ ಪೇಟೆಯ ದರವೂ ಬೇಕಿಲ್ಲ. ಆ ಹೆಸರು ಮರೆತರೆ ಮಜ್ಜಿಗೆಗೆ ಎಲೆ ಹಾಕುವುದೂ ಮರೆತುಹೋಗುತ್ತದೆ.

ಆದ್ದರಿಂದ ಶಿಕ್ಷಕ ಬಂಧುಗಳೇ, ಈ ಮುಂಗಾರಿಗೆ ಶಾಲೆಯ ಅಂಗಳದಲ್ಲಿ ಒಂದು ಬುಡ ನೆಡಿಸಿ. ಪಕ್ಕದಲ್ಲಿ ಒಂದು ಹಲಗೆ ಇರಲಿ. ಅದರ ಮೇಲೆ ಮಕ್ಕಳ ಕೈಬರಹದಲ್ಲೇ ಹೆಸರಿರಲಿ: ಮಜ್ಜಿಗೆ ಹುಲ್ಲು.